ತೊಡೆ ಮೇಲೆ ಕೂರುವ ಮಿಷನ್ನು

ತಂಗಿಯ ಮಗಳು ನಿನ್ನೆ ಫೋನ್ ಮಾಡಿದ್ದಳು. ಊರೂರು ತಿರುಗುವ ಸರ್ವೆ ಕೆಲಸ ಅವಳದು. ಕಡಿಮೆ ಬೆಲೆಯ, ಹಗುರಾದ ಲ್ಯಾಪ್‌ಟಾಪ್ ಯಾವುದು ತಗೊಳ್ಳಲಿ ಎಂದು ಕೇಳಿದಳು. ಈ ವಿಷಯದಲ್ಲಿ ನನ್ನನ್ನು ಕೇಳಬಾರದು. ಯಾಕೆಂದು ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಚಿತ್ತಾಪುರದ ಮನೆಯಲ್ಲಿ ಕುಳಿತಿದ್ದೆ. ನಮ್ಮೂರಿನ ವಕೀಲರೊಬ್ಬರು ಸೇಡಂ, ಚಿಂಚೋಳಿ ಕೋರ್ಟಿಗೂ ಓಡಾಡುತ್ತಿದ್ದರು. ಜೊತೆಗೆ ಬರುವ ಟೈಪಿಸ್ಟ್ ಬೇಕಾಗಿದ್ದ. ಅವರದು ಒಂದೇ ಷರತ್ತು: ಮಿಷನ್ನು ಅವನದೇ ಇರಬೇಕು, ಬಸ್ಸಿನಲ್ಲಿ ಒಯ್ಯುವಂತಿರಬೇಕು. ಆ ಕೆಲಸ ತಪ್ಪಿದರೆ ನನಗಿದ್ದದ್ದು ಶಹಾಬಾದಿನಲ್ಲಿ ಸೋದರಮಾವನ ಹಾಸುಗಲ್ಲು ಲಾರಿಗೆ ಹೇರಿಸುವುದು.

ಮಿಷನ್ನು ಆರಿಸಲು ಆ ಮಾವನನ್ನೇ ಕರೆದುಕೊಂಡು ಹೋದೆ. ಏನು ಕಂಡರೂ ಅವನು ಕಲ್ಲು ನೋಡಿದಂತೆಯೇ ನೋಡುವವನು. ಮೊದಲು ಬೆರಳ ಗೆಣ್ಣಿನಿಂದ ತಟ್ಟುವುದು, ಆಮೇಲೆ ಎತ್ತುವುದು.

ವಾಡಿ ಸ್ಟೇಷನ್ ಹಿಂದೆ ಗಡಿಯಾರ, ಟೈಪ್‌ರೈಟರ್ ರಿಪೇರಿಯ ಮುದುಕನೊಬ್ಬನಿದ್ದ. ಅವನ ಹತ್ತಿರ ಎರಡಿದ್ದವು. ಒಂದು ಆಫೀಸಿನ ಕನ್ನಡ ಮಿಷನ್ನು, ಇಬ್ಬರು ಎತ್ತುವಂಥದ್ದು. ಇನ್ನೊಂದು ಹಿಡಿಕೆಯ ಪೆಟ್ಟಿಗೆಯಲ್ಲಿ ಕೂರುವ ಪುಟ್ಟದು. ಬೆಲೆಯೂ ಅರ್ಧ.

"ಇದ್ಯಾಕ ಇಷ್ಟು ಸಸ್ತಾ, ಚಾಚಾ?" ಎಂದ ಮಾವ.

"ಉರ್ದೂ ಮಿಷನ್ ಅದರಿ. ಮೊದ್ಲ ಕಚೇರಿದಾಗ ನಡೀತಿತ್ತು, ಈಗ ಯಾರು ಕೇಳ್ತಾರ. ಆ ಅಕ್ಷರ ತೆಗೆದು ಕನ್ನಡದವು ಕೂಡಿಸಿ ಕೊಡ್ತೀನಿ."

ಮಾವ ತಟ್ಟಿದ. ಎತ್ತಿದ. ಪೆಟ್ಟಿಗೆ ಹಿಡಿದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಬಂದ. "ತೊಡಿ ಮ್ಯಾಲ ಇಟ್ಕೊಂಡು ಕುಂತ್ರ ಕಂಡಕ್ಟರ್ ಲಗೇಜ್ ಸೈತ ಕೇಳಂಗಿಲ್ಲ."

ರಿಬ್ಬನ್ ಒಣಗಿದ್ದರಿಂದ ಹೊಡೆದು ನೋಡಲಾಗಲಿಲ್ಲ. ಆದರೆ ಸಾಲು ಮುಗಿದಾಗ ಎಳೆಯುವ ಹಿಡಿ ಬಲಗಡೆಗಿತ್ತು. ನಾನು ಕಲಿತ ಮಿಷನ್ನಿನಲ್ಲಿ ಎಡಗಡೆ.

"ಮಾವಾ, ಇದ್ಯಾಕ ಈ ಕಡಿ ಅದ?"

"ಎಡಗೈ ಮಂದಿ ಮಿಷನ್ ಇರಬೇಕು. ರೂಢಿ ಆಗ್ತದ ಬಿಡೋ. ನಿಮ್ಮತ್ತಿಗಿ ನಾ ರೂಢಿ ಆಗಿಲ್ಲೇನು."

ಕನ್ನಡ ಅಕ್ಷರ ಕೂಡಿಸಿದ್ದನ್ನು ಮಾವ ಕೆಲಸದ ಮೊದಲ ದಿನ ಸೇಡಂ ಬಸ್ಸು ಹೊರಡುವ ಹೊತ್ತಿಗೆ ತಂದು ನನ್ನ ಕೈಗಿಟ್ಟ. ವಕೀಲರು ಪೆಟ್ಟಿಗೆ ನೋಡಿ ಮೆಚ್ಚಿದರು.

ಸೇಡಂ ಕೋರ್ಟಿನ ಪಡಸಾಲೆಯಲ್ಲಿ ಅವರು ಅರ್ಜಿ ಹೇಳತೊಡಗಿದರು. ಮೊದಲ ಅಕ್ಷರ ಚೊಕ್ಕವಾಗಿ ಬಿತ್ತು. ಎರಡನೆಯದು ಅದರ ಎಡಕ್ಕೆ. ಮೂರನೆಯದು ಇನ್ನೂ ಎಡಕ್ಕೆ. ಉರ್ದೂ ಬಲದಿಂದ ಎಡಕ್ಕೆ ಓಡುವ ಬರಹ. ಮುದುಕ ಅಕ್ಷರ ಬದಲಿಸಿದ್ದ, ಮಿಷನ್ನಿನ ನಡಿಗೆ ಹಾಗೇ ಇತ್ತು. ಸೇಡಂ ಎಂದು ಹೊಡೆದರೆ ಸೊನ್ನೆ ಎಲ್ಲಕ್ಕೂ ಮುಂದೆ ಬಂದು ಕುಳಿತಿತ್ತು.

"ಸಾಹೇಬ್ರೆ, ಕಡೀಲಿಂದ ಹೇಳ್ರಿ, ಹಿಂದಮುಂದ ಹೊಡಿತೀನಿ."

"ಕಡೀ ಮಾತು ನನಗೇ ಇನ್ನ ಗೊತ್ತಿಲ್ಲಲ್ಲೋ ತಮ್ಮಾ," ಎಂದರು. ಬೈಯಲಿಲ್ಲ.

ಒಳಗಿನಿಂದ ಕೇಸಿನ ಕೂಗು ಬರುವುದರಲ್ಲಿತ್ತು. ಅವರು ಗೇಟಿನ ಬಳಿ ಕೂರುವ ಟೈಪಿಸ್ಟನ ಹತ್ತಿರ ಹೋದರು. ಅವನು ಹೊಡೆಯುತ್ತಲೇ ಇದ್ದ, ಅವರು ಬಗ್ಗಿ ಕೇಳಿದ್ದು ನನಗೂ ಕೇಳಿಸಿತು.

"ನಾಳಿ ಚಿಂಚೋಳಿಗಿ ಬರ್ತಿಯೇನು?"

"ಮಿಷನ್ ಭಾಳ ವಜ್ಜಿ ಅದರಿ, ಒಬ್ಬನ ಕೈಲಿ ಏಳಂಗಿಲ್ಲ."

"ಇರ್ಲಿ. ಹಮಾಲಿ ನಾ ಕೊಡ್ತೀನಿ."

ಸಂಜೆ ಚಿತ್ತಾಪುರದ ಬಸ್ಸಿನಲ್ಲಿ ಒಬ್ಬನೇ ಹಿಂದೆ ಕುಳಿತೆ. ಕಂಡಕ್ಟರ್ ಬಂದ. ಪೆಟ್ಟಿಗೆ ನೋಡಿದ. ನಾನೇ ಕೇಳಿದೆ, ಇದಕ್ಕೆ ಲಗೇಜ್ ಎಷ್ಟು ಎಂದು.

"ಇದಕ್ಕೇನ್ ಲಗೇಜ್," ಎಂದ. "ತೊಡಿ ಮ್ಯಾಲ ಇಟ್ಕೊ."