ಮೂವತ್ತರ ವಿಮಾನಕ್ಕೆ ಐವತ್ತೈದರ ಎಂಜಿನ್

2018ರಲ್ಲಿ ನಾನು ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾದರಿ ವಿಮಾನಗಳ ಎಂಜಿನ್ ಮಾರುತ್ತ, ರಿಪೇರಿ ಮಾಡುತ್ತ ಇದ್ದೆ. ಅದಕ್ಕೆ ಮೊದಲು ಇಡೀ ನೌಕರಿ ಕಳೆದದ್ದು ಕಾರ್ಖಾನೆಯೊಂದರಲ್ಲಿ, ಎಂಜಿನ್ ಪರೀಕ್ಷಕನಾಗಿ. ಜನ ಈ ವಿಮಾನಗಳನ್ನು ಆಟಿಕೆ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪ್ರೊಪೆಲ್ಲರ್ ಬೆರಳನ್ನು ಬೆಂಡೆಕಾಯಿ ಹೆಚ್ಚಿದಂತೆ ಹೆಚ್ಚಿಹಾಕುತ್ತದೆ.

ಶ್ರೀನಾಥ್ ಪಕ್ಕದ ರಸ್ತೆಯ ಮೃದಂಗ ವಿದ್ವಾಂಸರು. ಕಛೇರಿ, ಪಾಠ ಎಂದು ಅವರ ಮನೆ ನಡೆಯುತ್ತಿದ್ದುದೇ ಹತ್ತು ಬೆರಳಿನ ಮೇಲೆ. ವಿಮಾನ ಅವರ ಹುಚ್ಚು. ತಾವೇ ಬೆಂಡಿನಷ್ಟು ಹಗುರಾದ ಬಾಲ್ಸಾ ಮರದಲ್ಲಿ ಒಂದನ್ನು ಕಟ್ಟಿದ್ದರು. ರೆಕ್ಕೆಯ ಅಗಲ ಎಪ್ಪತ್ತನಾಲ್ಕು ಇಂಚು, ತೂಕ ಆರು ಕಿಲೋ. ಅದಕ್ಕೆ ಗ್ಯಾಸ್ ಎಂಜಿನ್ ಬೇಕೆಂದು ನನ್ನಲ್ಲಿಗೆ ಬಂದರು. ಗ್ಯಾಸ್ ಎಂದರೆ ಅಡುಗೆಮನೆಯದಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಪುಟ್ಟ ಎಂಜಿನ್ನಿಗೆ ನಮ್ಮವರು ಹಾಗೆನ್ನುತ್ತಾರೆ. ಸಿಲಿಂಡರಿನ ಗಾತ್ರವನ್ನು ಸಿಸಿಯಲ್ಲಿ ಹೇಳುತ್ತಾರೆ.

"ಮೂವತ್ತು ಸಿಸಿ ಸಾಕು" ಎಂದೆ.

"ಐವತ್ತೈದು ಹಾಕೋಣ ಸಾರ್. ಪವರ್ ಜಾಸ್ತಿ ಇದ್ರೆ ಏನ್ ನಷ್ಟ?"

ನಷ್ಟವನ್ನು ಬಿಡಿಸಿ ಹೇಳಿದೆ. ದೊಡ್ಡ ಎಂಜಿನ್ನಿಗೆ ತೂಕ ಹೆಚ್ಚು, ವಿಮಾನದ ಮೂಗು ಜೋಲುತ್ತದೆ. ಅದನ್ನು ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಬೇಕು. ಪ್ರೊಪೆಲ್ಲರೂ ದೊಡ್ಡದು ಬೇಕು. ಎಳೆತವಂತೂ ಮೂವತ್ತರದಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಎರಡರಷ್ಟು. ಅವರು ತಲೆಯಾಡಿಸುತ್ತಲೇ ಇದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಅವರ ವಿದ್ಯೆಯಲ್ಲೇ ಕೇಳಿದೆ: "ಹೆಣ್ಮಕ್ಕಳು ಹಾಡೋವಾಗ ಗಂಡಸರ ಶ್ರುತಿಯ ದೊಡ್ಡ ಮೃದಂಗ ತಗೊಂಡು ಹೋಗ್ತೀರಾ?"

"ಇದು ವಿಮಾನ ಸಾರ್, ಕಛೇರಿ ಅಲ್ಲ" ಎಂದು ಎದ್ದು ಹೋದರು. ಹಾಳಾಗಿ ಹೋಗಲಿ ಎಂದು ಸುಮ್ಮನಾದೆ.

ಆಯುಧಪೂಜೆಯ ಬೆಳಿಗ್ಗೆ ಅವರ ಹೆಂಡತಿ ವನಜಾ ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ ಮನೆಯ ಮುಂದೆ, ಸ್ಕೂಟರಿನ ಪಕ್ಕದಲ್ಲಿ ವಿಮಾನಕ್ಕೂ ಪೂಜೆಯಾಗಿತ್ತು. ರೆಕ್ಕೆಗೆ ವಿಭೂತಿ ಪಟ್ಟೆ, ಮೂತಿಗೆ ಮೊಳಗಟ್ಟಲೆ ಚೆಂಡುಹೂವು. ಹೂವಿನ ಸಂದಿಯಿಂದ ಇಣುಕುತ್ತಿದ್ದುದು ಐವತ್ತೈದು ಸಿಸಿ. ಬೇರೆಲ್ಲೋ ಕೊಂಡು ತಂದು ತಾವೇ ಕೂರಿಸಿದ್ದರು.

ಆಯುಧಪೂಜೆಯ ದಿನ ಪೂಜೆ ಮಾಡಿದ ಯಂತ್ರವನ್ನು ಒಮ್ಮೆಯಾದರೂ ಓಡಿಸಬೇಕೆಂಬುದು ನಮ್ಮ ಕಡೆ ರೂಢಿ. ಶ್ರೀನಾಥ್ ಪ್ರೊಪೆಲ್ಲರಿನ ಎದುರು ಕುಕ್ಕರುಗಾಲಲ್ಲಿ ಕೂತರು. ವನಜಾ ಹಿಂದೆ ಬಾಲ ಹಿಡಿದುಕೊಂಡರು.

"ಶುರು ಮಾಡ್ಬೇಡಿ! ವನಜಾ ಅವರ ಕೈಲಿ ಅದನ್ನ ಹಿಡಿಯಕ್ಕಾಗಲ್ಲ. ಮೊದಲು ಹಾರ ತೆಗೀರಿ, ಸ್ವಿಚ್ ಮುಚ್ಚೋಗಿದೆ!" ಎಂದು ಕೂಗಿದೆ. ಎಂಜಿನ್ ನಿಲ್ಲಿಸುವ ಸ್ವಿಚ್ಚು ವಿಮಾನದ ಪಕ್ಕೆಯಲ್ಲಿತ್ತು. ಅದರ ಮೇಲೇ ಹೂವು ಹೇರಿದ್ದರು.

"ಶುಭದಿನ ಅಪಶಕುನ ನುಡೀಬೇಡಿ ಸಾರ್" ಎನ್ನುತ್ತಲೇ ಪ್ರೊಪೆಲ್ಲರನ್ನು ತಿರುವಿದರು.

ಮೊದಲ ಸಲ ಎಂಜಿನ್ ಹಿಂದಕ್ಕೆ ಒದ್ದಿತು. ಎರಡನೆಯ ಸಲ ಹೊತ್ತಿಕೊಂಡಿತು. ವೇಗ ಏರಿಸುವ ಥ್ರಾಟಲ್ ಆಗಲೇ ಅರ್ಧ ತೆರೆದಿತ್ತು. ಬೀದಿಯೇ ಬಿರಿಯುವಂಥ ಅಬ್ಬರ. ವನಜಾರ ಬಳೆಗಳು ಚೂರಾದವು, ಬಾಲ ಅವರ ಕೈಯಿಂದ ಕಿತ್ತುಕೊಂಡು ಹೊರಟಿತು. ವಿಮಾನ ಗಂಡನ ಮೇಲೇ ನುಗ್ಗಿತು. ಶ್ರೀನಾಥ್ ಹಿಂದಕ್ಕೆ ಬಿದ್ದು, ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು, ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದರು. ಆ ಕೈಗಳನ್ನೇ!

ಸ್ವಿಚ್ಚು ಹುಡುಕಲು ಹೊತ್ತಿರಲಿಲ್ಲ. ನನ್ನ ಕಾಲ ಬಳಿ ದೃಷ್ಟಿ ತೆಗೆಯಲೆಂದು ಕೊರೆದು, ಕುಂಕುಮ ಮತ್ತು ಚಿಲ್ಲರೆ ತುಂಬಿಟ್ಟ ಬೂದುಗುಂಬಳವಿತ್ತು. ಎರಡೂ ಕೈಯಲ್ಲಿ ಎತ್ತಿ ಪ್ರೊಪೆಲ್ಲರಿಗೆ ಅಪ್ಪಳಿಸಿದೆ.

ಕಾಯಿ ಸಿಡಿಯಿತು. ಪ್ರೊಪೆಲ್ಲರ್ ಚೂರುಚೂರಾಗಿ ಹಾರಿತು, ಎಂಜಿನ್ ತನ್ನನ್ನು ಕೂರಿಸಿದ್ದ ಹಲಗೆಯನ್ನೇ ಕಿತ್ತುಕೊಂಡು ನೆಲಕ್ಕುರುಳಿ ಸತ್ತಿತು. ಚಿಲ್ಲರೆ ಕಾಸೊಂದು ಬಂದು ನನ್ನ ಹುಬ್ಬು ಸೀಳಿತು. ಗೋಡೆ, ರಂಗೋಲಿ, ಶ್ರೀನಾಥರ ಮೈ, ಎಲ್ಲ ಕೆಂಪು. ವನಜಾ ಕಿಟಾರನೆ ಚೀರಿದರು.

ಶ್ರೀನಾಥ್ ಎದ್ದವರೇ ನನ್ನ ಕಪಾಳಕ್ಕೆ ಬಿಗಿದರು. "ನನ್ನ ವಿಮಾನ ಒಡೆದ್ಬಿಟ್ಟೆಯಲ್ಲೋ!"

ನಾನೇನು ಶಾಂತಮೂರ್ತಿಯೇ? ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. "ಕೈ ನೋಡ್ಕೊಳ್ಳೋ ಮುಠ್ಠಾಳ! ಮೊದಲು ನಿನ್ನ ಕೈ ನೋಡ್ಕೋ!"

ಆಗ ನೋಡಿಕೊಂಡರು. ಅಂಗೈ ತುಂಬ ಕೆಂಪು. ಯಾವುದು ಕುಂಕುಮ, ಯಾವುದು ರಕ್ತ ತಿಳಿಯುವಂತಿರಲಿಲ್ಲ. ಅವರ ಮುಖ ಬಿಳಿಚಿತು. ಹೊಸ್ತಿಲ ಮುಂದಿನ ಕಲ್ಲುಮೆಟ್ಟಿಲ ಮೇಲೆ ಕೂತರು. ಎಳೆಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠವನ್ನು ಕಲ್ಲಿನ ಮೇಲೆ ಮೆಲ್ಲಗೆ ನುಡಿಸಿದರು. ತ, ಧಿ, ತೊಂ, ನಂ. ಒಂದೊಂದೇ ಬೆರಳು ಇಳಿದು ಎದ್ದಿತು. ಕಿರುಬೆರಳೂ ಎದ್ದಿತು. ಇನ್ನೊಮ್ಮೆ ನುಡಿಸಿದರು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ವನಜಾ ಪಕ್ಕದಲ್ಲಿ ಕೂತು ಆ ಕೈಗಳನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

ಮುಂದೆ ಅದೇ ವಿಮಾನವನ್ನು ಸರಿಪಡಿಸಿ, ನಾನೇ ಮೂವತ್ತು ಸಿಸಿ ಕೂರಿಸಿದೆ. ಚೆನ್ನಾಗಿ ಹಾರಿತು. ಎಂಜಿನ್ ಆಯ್ದುಕೊಳ್ಳಲು ಬರುವವರೆಲ್ಲ ನನಗೆ ರೆಕ್ಕೆಯ ಅಳತೆ ಹೇಳುತ್ತಾರೆ, ತೂಕ ಹೇಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಆಮೇಲೆ, ಹುಬ್ಬಿನ ಗಾಯದ ಗುರುತು ಸವರಿಕೊಂಡು, ನನ್ನ ಕಸುಬು ಕಲಿಸಿದ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: "ಬಾಲ ಹಿಡ್ಕೊಳ್ಳೋರು ಯಾರು? ಅವರನ್ನ ಕರ್ಕೊಂಡು ಬನ್ನಿ, ಕೈ ನೋಡ್ತೀನಿ."