ಬಾಯಾರಿದ ರಾಗಿಯ ಚುಕ್ಕೆ

ಮೂಗಿನ ತುದಿಯಲ್ಲೇ ಕೋಪ ಇರುವವರು ಲ್ಯಾಬ್ ಕೆಲಸಕ್ಕೆ ಸೇರಬಾರದು. ನಾನು ಸೇರಿದೆ. ಮೈಸೂರಿನಲ್ಲಿ ನನ್ನ ಪಿಎಚ್.ಡಿ. ಕೆಲಸ ಇಷ್ಟೇ: ರಾಗಿ ಎಲೆಯಿಂದ ಆರ್‌ಎನ್‌ಎ ತೆಗೆದು, ಅದರ ಮೇಲೆ ಗಿಡ ತಾನೇ ಅಂಟಿಸಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತನ್ನು ಹುಡುಕುವುದು. ಆರ್‌ಎನ್‌ಎಯ ಹನಿಯನ್ನು ಬಿಳಿ ಮೆಂಬ್ರೇನ್ ಹಾಳೆಯ ಮೇಲಿಟ್ಟು, ಆ ಗುರುತನ್ನಷ್ಟೇ ಹಿಡಿಯುವ ಆಂಟಿಬಾಡಿಯಲ್ಲಿ ನೆನೆಸಬೇಕು. ಗುರುತು ಹೆಚ್ಚಿದ್ದರೆ ಕೊನೆಗೆ ಚುಕ್ಕೆ ಕಪ್ಪಗೆ ಮೂಡುತ್ತದೆ.

ಲ್ಯಾಬಿನ ಕುಂಡಗಳಲ್ಲಿ ನೀರಿಲ್ಲದೆ ಬಾಡಿದ ರಾಗಿ ಕಪ್ಪು ಚುಕ್ಕೆ ಕೊಟ್ಟಿತ್ತು. ಹೊಲದಲ್ಲೂ ಹಾಗೇ ಆದರೆ ಮಾತ್ರ ನನ್ನ ಪ್ರಬಂಧಕ್ಕೆ ಉಳಿಗಾಲ. ಹೊಣಕೆರೆ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪ ಬೇಸಿಗೆ ರಾಗಿಯ ಎರಡು ಪಾತಿ ಬಿಟ್ಟುಕೊಟ್ಟರು. ಒಂದಕ್ಕೆ ನೀರು ಹಾಯಿಸಿ, ಇನ್ನೊಂದಕ್ಕೆ ಹನಿಯೂ ಕೂಡದು ಎಂದು ಹೇಳಿ ಬಂದಿದ್ದೆ.

ಎಲೆ ತಂದು ಪರೀಕ್ಷಿಸಿದರೆ ಎರಡೂ ಚುಕ್ಕೆ ಒಂದೇ ತೆಳು ಬೂದು. ಗುರುತೇ ಇಲ್ಲದಂತೆ ಲ್ಯಾಬಿನಲ್ಲಿ ತಯಾರಿಸಿದ ಆರ್‌ಎನ್‌ಎ ಇಟ್ಟ ಜಾಗ ಬೆಳ್ಳಗೇ ಇತ್ತು, ಕುಂಡದ ಬಾಡಿದ ರಾಗಿಯದು ಕಪ್ಪಗೇ ಬಂದಿತ್ತು. ಅಂದರೆ ಆಂಟಿಬಾಡಿಯನ್ನು ದೂರುವಂತಿರಲಿಲ್ಲ. "ಕುಂಡದಲ್ಲಿ ಕಂಡದ್ದು ಆಕಸ್ಮಿಕ ಇರಬೇಕಮ್ಮ," ಎಂದರು ಗೈಡ್. ಅವತ್ತು ನನಗೆ ಊಟ ಸೇರಲಿಲ್ಲ.

ಮತ್ತೆ ಎಲೆ ತರಲು ಪಾಂಡವಪುರದ ಮೇಲೆ ಹೋಗುವ ನಾಗಮಂಗಲದ ಬಸ್ಸು ಹತ್ತಿದೆ. ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತು ಎಲ್ಲ ಹೇಳಿದಾಗ ದೊಡ್ಡಮ್ಮ ಗಂಡನ ಕಡೆ ತಿರುಗಿ ನಕ್ಕರು.

"ಯೋಳ್ಬುಡಿ ಅತ್ಲಾಗೆ. ದಿನಾ ಸಂಜೆ ಬಿಂದ್ಗೆ ಒತ್ಕಂಡು ಓಯ್ತಿದ್ರಲ್ಲ!"

ದೊಡ್ಡಪ್ಪ ತಲೆ ಕೆರೆದುಕೊಂಡರು. "ಪಕ್ಕದ್ ಪಾತಿಗೆ ನೀರ್ ಬುಟ್ಟು ಇದ್ನ ಒಣಗ್ಸು ಅಂದ್ರೆ ಎಂಗವ್ವ? ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೆ ಮಾತ್ರ ಬಡಿಸ್ದಂಗಲ್ವಾ? ಬುಡಕ್ಕೆ ವಸಿ ಉಯ್ದೆ ಕಣವ್ವ."

ಬಯ್ಯಲು ಬಾಯಿ ತೆರೆದವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎರಡು ಪಾತಿಯೂ ನೀರು ಕುಡಿದಿತ್ತು. ಚುಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿತ್ತು. ಹೋದ ಜೀವ ಬಂದಂತಾಯಿತು. ದೊಡ್ಡಮ್ಮನ ಕೈಯಲ್ಲಿ ಎರಡು ಮುದ್ದೆ ಹಾಕಿಸಿಕೊಂಡು ಉಂಡೆ.

ಈ ಸಲ ಪಾತಿಗೆ ದೊಡ್ಡಮ್ಮನ ಕಾವಲು. ಎಲೆ ನಿಜವಾಗಿ ಬಾಡಿದ ಮೇಲೆ ಕಿತ್ತು ತಂದೆ. ಬಾಡಿದ ರಾಗಿಯ ಚುಕ್ಕೆ ಕಾಡಿಗೆಯಷ್ಟು ಕಪ್ಪಗೆ ಬಂತು. ಕುಣಿದಾಡುತ್ತಲೇ ಫೋಟೊ ಕಳಿಸಿ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಇಷ್ಟೊಂದ್ ಕರ್ರಗಾಗೋಗೈತಲ್ಲವ್ವ," ಎಂದರು ಅವರು. ಆಮೇಲೆ ಮೆಲ್ಲಗೆ ಕೇಳಿದರು: "ಈಗ್ಲಾದ್ರೂ ನೀರ್ ಬುಡ್ಲಾ?"