ಗಾಳಿ ಬಿಡೋ ಚಾವಿ, ಚಿಟಿಕಿ ವಿಭೂತಿ

ನಾನು ಹತ್ತನೇ ಕ್ಲಾಸು ಪಾಸಾಗಿದ್ದು ಮೂವತ್ತೊಂದನೇ ವಯಸ್ಸಿನಾಗ. ಹಂಗಾಗಿ ಕತಾರಿನ ಅಲ್ ವಕ್ರಾ ಊರಿನ ಈ ಬಿಲ್ಡಿಂಗಿನಾಗ ಒಂಬತ್ತು ವರ್ಷ ಹೆಲ್ಪರ್ ಆಗಿ ದುಡಿದ ಮ್ಯಾಲ ಟೆಕ್ನಿಷಿಯನ್ ಕಾರ್ಡು ಕೈಗೆ ಬಂದಾಗ, ಇದನ್ನ ಯಾರರ ಕಸಗೊಳ್ತಾರ ಅನ್ನೋ ಹೆದರಿಕಿ ಮೊದಲನೇ ದಿನದಿಂದನ ಇತ್ತು.

ನಮ್ಮ ಬಿಲ್ಡಿಂಗಿನಾಗ ಮನಿಗೊಂದು ಬ್ಯಾರೆ ಎಸಿ ಇಲ್ಲ. ಮಾಳಿಗಿ ಮ್ಯಾಲ ದೊಡ್ಡ ಚಿಲ್ಲರ್ ಅದ. ಅಲ್ಲಿಂದ ತಣ್ಣೀರು ಪೈಪಿನಾಗ ಹರದು ಎಲ್ಲಾರ ಮನಿ ಸೀಲಿಂಗಿನಾಗಿನ ಕಾಯಿಲ್‌ಗೆ ಬರ್ತದ, ಫ್ಯಾನು ಆ ಥಂಡಿನ ಕೋಣಿಗೆ ಊದ್ತದ. ಥಂಡಿ ದೇಶದ ಮನ್ಯಾಗ ರೇಡಿಯೇಟರಿನಾಗ ಬಿಸಿನೀರು ಓಡ್ತದಲ್ಲ, ಇದು ಅದರ ಉಲ್ಟಾ. ಆದ್ರ ಒಳಗ ಗಾಳಿ ಸಿಕ್ಕೊಂಡ್ರ ಎರಡೂ ಕೆಲಸ ಮಾಡಂಗಿಲ್ಲ. ಅದಕ್ಕ ಕಾಯಿಲ್ ತುದಿಗೆ ಚೌಕ ತಲಿಯ ಸಣ್ಣ ನಟ್ಟು ಇರ್ತದ. ಚಾವಿ ಹಾಕಿ ಅರ್ಧ ಸುತ್ತು ತಿರುವಿದ್ರ ಗಾಳಿ ಸುಸ್ ಅಂತದ. ಆಮ್ಯಾಲ ನೀರು ಚಿಮ್ಮತದ, ಆವಾಗ ಬಂದ್ ಮಾಡಬೇಕು.

ಆ ಚಾವಿ ತರಲಿಕ್ಕೆ ಓಲ್ಡ್ ಏರ್‌ಪೋರ್ಟ್ ಏರಿಯಾದ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವ ನಾಕು ಕೈಯಿನದು, ನಕ್ಷತ್ರದಂಗ ಇರೋದು ಒಂದು ತೋರಿಸಿ "ಸಬ್ ಸೇಮ್ ಹೈ" ಅಂದ. ಎಲ್ಲಾ ಒಂದ ಅಂದವರ ಮಾತು ನಾ ನಂಬಂಗಿಲ್ಲ. ನನ್ನ ರೂಮಿನ ಬೀಗದ ಕೈಯಿಂದ ಅದರ ಮೂಲಿಗೆ ಗೀರಿದೆ. ಮ್ಯಾಲಿನ ಹಳದಿ ಹೋಗಿ ಒಳಗ ಬಿಳಿ ಮೆತ್ತನ ಲೋಹ ಕಾಣ್ತು. ಅಂಥಾದ್ದು ನಾಕು ಸಲ ತಿರುವೋದ್ರಾಗ ಮೂಲಿ ಸವದು, ನಟ್ಟಿನ ತಲಿನೂ ದುಂಡಗ ಮಾಡ್ತದ. ಮತ್ತೊಂದು ಗೀರಿದೆ, ಒಳಗೂ ಹೊರಗೂ ಗಟ್ಟಿ ಹಿತ್ತಾಳಿ. ಅದನ್ನ ತಂದು, ಕೆಂಪು ದಾರ ಕಟ್ಟಿ, ಅರದಿಂದ ಒಂದು ಗುರುತು ಮಾಡಿ ಇಟ್ಕೊಂಡೆ.

ಗುರುತು ಯಾಕಂದ್ರ ನನ್ನ ಜೋಡಿ ಇನ್ನೊಬ್ಬ ಟೆಕ್ನಿಷಿಯನ್ ಇದ್ದ. ಉಡುಪಿ ಕಡೆಯವ, ನನಗಿಂತ ಐದು ವರ್ಷ ದೊಡ್ಡವ. ನಾವಿಬ್ಬರೂ ಒಂದ ರೂಮಿನಾಗ ಇದ್ವಿ. ನಾನು ಕಾರ್ಡು ತೋರಿಸಿದ ದಿನ ಅವ ನಕ್ಕು, "ರೊಟ್ಟಿ ತಟ್ಟುವ ಕೈಗೆ ಇನ್ನು ನಟ್ಟು ಕೊಡ್ತಾರಾ ಮಾರಾಯ್ರೆ?" ಅಂದಿದ್ದ. ನಾನೂ ನಕ್ಕಿದ್ದೆ. ಆದ್ರ ಆ ಮಾತು ಮರೀಲಿಲ್ಲ.

ಆರನೇ ಫ್ಲೋರಿನಾಗ ಕೂಸಿರೋ ಒಂದು ಮನಿ. ಅಲ್ಲಿ ಎಸಿ ಬಿಸಿಗಾಳಿ ಊದಲಿಕ್ಕೆ ಹತ್ತಿತು. ನಾ ಏಣಿ ಹತ್ತಿ ಚಾವಿ ತಿರುವಿದೆ. ಸುಸ್ ಅಂತ ಬಾಳ ಹೊತ್ತು ಸಪ್ಪಳ ಬಂತು, ನೀರು ಬರಲಿಲ್ಲ. ಇಷ್ಟು ಗಾಳಿ ಹೋತಲ್ಲ, ಸಾಕು ಅಂತ ಬಂದ್ ಮಾಡಿದೆ. ಮರುದಿನ ಆ ಮನಿ ಅಕ್ಕಾರು, "ಭಯ್ಯಾ, ಫಿರ್ ಗರಮ್!" ಅಂದ್ರು. ಮತ್ತ ತಿರುವಿದೆ, ಮತ್ತ ಹಂಗ ಆತು. ಮೂರನೇ ಸಲನೂ ತಿರುವಿ ಬಂದ ಮ್ಯಾಲ ಸೂಪರ್‌ವೈಸರ್ ನನ್ನ ಕರದು, "ಇನ್ನೊಂದು ಕಂಪ್ಲೇಂಟ್ ಬಂದ್ರೆ ಖಲಾಸ್. ಮತ್ತೆ ಹೆಲ್ಪರ್" ಅಂದ್ರು.

ಆ ಮೂರೂ ದಿನ ಉಡುಪಿಯವ ಮಾಳಿಗಿಯಿಂದ ಇಳಿಯೋದು ನೋಡಿದ್ದೆ. ನಾ ಗಾಳಿ ತಗೀತೀನಿ, ಇವ ನನ್ನ ಹಿಂದ ಬಂದು ಅದ ನಟ್ಟು ಸಡ್ಲ ಮಾಡಿ ಗಾಳಿ ಹಾಕ್ತಾನ ಅಂತ ನನ್ನ ತಲಿಯಾಗ ಕುಂತುಬಿಡ್ತು. ರೂಮಿನಾಗ ಮಾತು ಬಿಟ್ಟೆ. ಅವ ಅನ್ನ ಇಟ್ರ ನಾ ಬ್ಯಾರೆ ಇಟ್ಟೆ. ಅವ ಒಮ್ಮೆ, "ಎಂತ, ಹುಷಾರಿಲ್ವಾ?" ಅಂತ ಕೇಳಿದ. ಅದೂ ನಾಟಕ ಅನಸ್ತು.

ಹಿಡೀಬೇಕು ಅಂತ ಒಂದು ಉಪಾಯ ಮಾಡಿದೆ. ದಿನಾ ಹಣಿಗೆ ಹಚ್ಕೊಳ್ಳೋ ವಿಭೂತಿ ಒಂದು ಚಿಟಿಕಿ ಒದ್ದಿ ಬೆರಳಿಲೆ ಆ ನಟ್ಟಿನ ತಲಿಗೂ ಅದರ ತೂತಿನ ಸುತ್ತಲೂ ಹಚ್ಚಿ ಬಂದೆ. ಯಾರರ ಚಾವಿ ಹಾಕಿದ್ರ ಉದರಲೇಬೇಕು.

ಎರಡು ದಿನಕ್ಕ ಆ ಅಕ್ಕಾರ ಫೋನು ಬಂತು, ಸೀದಾ ನನಗ. ಕೂಸು ಸೆಕಿಗೆ ಅಳೋದು ಕೇಳ್ತಿತ್ತು. ಆಫೀಸಿಗೆ ಇನ್ನೂ ಹೇಳಿಲ್ಲ, ಲಗೂನ ಬಾ ಅಂದ್ರು. ಓಡಿಹೋಗಿ ಏಣಿ ಹತ್ತಿ ನಟ್ಟಿಗೆ ಟಾರ್ಚ್ ಹಿಡದೆ. ವಿಭೂತಿ ಇಟ್ಟಂಗ ಇತ್ತು, ಒಂದು ಬಿರುಕು ಇಲ್ಲ. ಯಾರೂ ಮುಟ್ಟಿಲ್ಲ. ಚಾವಿ ಹಾಕಿ ಮೆಲ್ಲಕ ತಿರುವಿದೆ. ಸುಸ್ ಅಂತು. ಒಣಗಿದ ವಿಭೂತಿ ನನ್ನ ಮಾರಿಗೆ ಹಾರಬೇಕಿತ್ತಲ್ಲ, ಪುಡಿಪುಡಿಯಾಗಿ ತೂತಿನ ಒಳಗ ಹೋತು. ಒಳಗ!

ಲಗೂನ ನಟ್ಟು ಬಂದ್ ಮಾಡಿದೆ. ಮೂರು ಸಲ ನಾ ಗಾಳಿ ತಗದಿರಲಿಲ್ಲ, ಹಾಕಿದ್ದೆ. ಪಂಪು ಓಡೋವಾಗ ನೀರಿನ ಪ್ರೆಶರ್ ಕಡಿಮಿ ಇದ್ರ ಮ್ಯಾಲಿನ ಮನಿ ನಟ್ಟು ಗಾಳಿ ಎಳಕೊಳ್ತದ. ಸಪ್ಪಳ ಎರಡಕ್ಕೂ ಒಂದ.

ಚಾವಿ ಹಿಡಕೊಂಡ ಮಾಳಿಗಿಗೆ ಹೋದೆ. ಉಡುಪಿಯವ ಪಂಪಿನ ಹತ್ರ ಕುಂತಿದ್ದ. ಪಂಪಿನ ಸೀಲು ಸೋರ್ತಿತ್ತು. ಅವ ದಿನಾ ಬಂದು ನೀರು ತುಂಬಿ ಪ್ರೆಶರ್ ಗೇಜಿನ ಮುಳ್ಳು ಏರಿಸ್ತಿದ್ದ, ರಾತ್ರಿಯಾಗ ಮತ್ತ ಇಳೀತಿತ್ತಂತ.

"ಅಣ್ಣಾರ, ನನಗ್ಯಾಕ ಹೇಳಲಿಲ್ರಿ?"

"ಹೇಳ್ಲಿಕ್ಕೆ ನೀವು ಮಾತಾಡ್ಬೇಕಲ್ಲ ಮಾರಾಯ್ರೆ! ನಾನು ಗುಡ್ ಮಾರ್ನಿಂಗ್ ಹೇಳಿದ್ರೆ ಗೋಡೆ ನೋಡ್ತೀರಿ."

ವಿಭೂತಿ ಸುದ್ದಿ ಹೇಳಿದೆ. ಅವ ಕುಂತಲ್ಲೇ ಜೋರಾಗಿ ನಕ್ಕ. "ನಂಗೆ ಬಲೆ ಹಾಕಿ ನೀವೇ ಬಿದ್ದದ್ದಾ? ಹೂವು ಇಟ್ಟಿದ್ರೆ ಆಗ್ತಿತ್ತು, ಪೂರ್ತಿ ಪೂಜೆ!"

ಇಬ್ಬರೂ ಸೇರಿ ಸೀಲು ಬದಲಿಸಿ, ನೀರು ತುಂಬಿದ್ವಿ. ಪಂಪು ಬಂದ್ ಮಾಡಿ ಕೆಳಗ ಬಂದು ಚಾವಿ ತಿರುವಿದೆ. ಈ ಸಲ ಗಾಳಿ ಬೆರಳಿಗೆ ಹೊಡೀತು, ಆಮ್ಯಾಲ ಬೂದಿ ಬಣ್ಣದ ನೀರು ಅಂಗಿಗೆ ಚಿಮ್ಮಿತು.

ಜಾಬ್ ಕಾರ್ಡ್ ಬರಿಯೋವಾಗ ಅವ, "ಸೀಲ್ ಲೀಕ್ ಅಂತ ಬರ್ದು ಬಿಡಿ, ನಿಮ್ಮ ಹೆಸ್ರು ಎಂತಕ್ಕೆ?" ಅಂದ. ಇಷ್ಟು ಛಲೋ ಯಾಕ ಅದಾನ ಅಂತ ಆವಾಗೂ ಒಂದು ಸಂಶಯ ಬಂತು. ನಾ ಎರಡೂ ಬರದೆ: ಸೀಲು ಸೋರಿತ್ತು, ಗಾಳಿ ನಾ ಹಾಕಿದೆ. ಸೂಪರ್‌ವೈಸರ್ ಎರಡು ಸಲ ಓದಿದ್ರು. "ಇನ್ಮುಂದೆ ಮೊದಲು ಗೇಜ್ ನೋಡು" ಅಂದು ಸಹಿ ಹಾಕಿದ್ರು. ಟೆಕ್ನಿಷಿಯನ್ ಕಾರ್ಡು ಇನ್ನೂ ನನ್ನ ಕೊರಳಾಗ ಅದ.

ಹೋದ ವಾರ ಉಡುಪಿಯವ ನನ್ನ ಚಾವಿ ಕೇಳಿದ. ಕೊಟ್ಟೆ. ಸಂಜಿಗೆ ತಿರುಗಿ ಕೊಟ್ಟು ಅವ ಸ್ನಾನಕ್ಕ ಹೋದ ಕೂಡಲೇ, ಟಾರ್ಚ್ ಹಿಡದು ಒಳಗಿನ ನಾಕೂ ಮೂಲಿ ನೋಡಿದೆ. ಸವದಿರಲಿಲ್ಲ.